ಇಸ್ತ್ರಿಗೆ ಬಂದ ಬಾವುಟ

ಹದಿನಾಲ್ಕರ ಸಂಜಿ, ಬಾಯ್ನಾದಾಗ ಬಿಡದ ಮಳಿ.
ಸಾಲಿ ಪ್ಯೂನ್ ಪುಂಡಲೀಕ ಛತ್ರಿ ಮಡಚಿ
ಪ್ಲಾಸ್ಟಿಕ್ ಚೀಲದೊಳಗಿಂದ ತಗದು ಕೊಟ್ಟ:
“ಸಾವಂತ್ರೆವ್ವಾ, ಮುಂಜಾನೆ ಏಳಕ್ಕ ಬೇಕು.
ಸುಕ್ಕು ಉಳೀಬಾರದು, ಹೆಡ್‌ಮಾಸ್ತರ್ರು ಹೇಳ್ಯಾರ.”

ನಾಕು ಶರ್ಟು, ಒಂದು ನೇವಿ ಪ್ಯಾಂಟು, ಯಾರದೋ ಮದಿವಿ ಸೀರಿ
ಎಲ್ಲಾ ಬದಿಗೆ ಸರಿಸಿ ಹಲಗಿ ಮ್ಯಾಲ ಹಾಸಿದೆ.
ಕಣ್ಣಿಗಿಂತ ಮೊದಲ ಬೆರಳಿಗೆ ಗೊತ್ತಾತು.
ಅಂಚಿನ ಹೊಲಿಗಿ ಇಂಚಿಗೆ ಎಷ್ಟು ಅಂತ
ನಿದ್ದಿಯೊಳಗ ಕೇಳಿದ್ರೂ ಹೇಳೇನು.
ಬೆಂಗೇರಿ. ನಮ್ಮ ಬೆಂಗೇರಿ.
ಹುಬ್ಬಳ್ಳಿ ಆ ಕಡಿ, ಖಾದಿ ಕಾರ್ಖಾನಿ,
ಕಿಟಕಿಗೆ ಬೆನ್ನು ಮಾಡಿ ಕುಂತ ಹೆಂಗಸರ ಸಾಲು,
ಅದರಾಗ ಏಳನೇ ಮಿಷನ್ನು, ಒಂಬತ್ತು ವರ್ಷ, ನಾನು.

ಅಲ್ಲಿ ತಪ್ಪು ನೂಲಿನಷ್ಟು ಇದ್ರೂ ತಪ್ಪು.
ಚಕ್ರ ಕೂದಲೆಳಿ ಸರಿದ್ರ ವಾಪಸ್.
ಹಸರು ಒಂದು ಗುಟುಕು ಹೆಚ್ಚು ಬಣ್ಣ ಕುಡದ್ರ ವಾಪಸ್.
ವಾಪಸ್ ಬಂದದ್ದು ಯಾವ ದೇಶದ್ದೂ ಅಲ್ಲ,
ಬರೇ ಅರಿವಿ.
ಗಂಡ ಬಿಟ್ಟಾಕಿ, ಕೈ ನಡಗಾಕಿ, ಕೂಲಿ ಹೆಚ್ಚು ಕೇಳಾಕಿ,
ಎಲ್ಲಿಯೂ ಅಳತಿಗೆ ಕೂಡದ ನಾವೆಲ್ಲಾ ಸೇರಿ
ಅಳತಿ ತಪ್ಪದ ಒಂದು ವಸ್ತು ಮಾಡತಿದ್ವಿ.

ಮತ್ತ ವಾಸ್ಕೋ ರೈಲು. ದೂಧಸಾಗರ ಕತ್ತಲದಾಗ ದಾಟಿತು,
ಸಪ್ಪಳ ಕೇಳಿದೆ, ನೋಡಲಿಲ್ಲ.
ಯಾಕ ಬಂದಿ ಅಂತ ಕೇಳಬ್ಯಾಡ್ರಿ.
ಇಲ್ಲಿ ನಮಗ ಘಾಂಟಿ ಅಂತಾರ, ಘಟ್ಟ ಇಳದವರು.
ಅಂದವರ ಕಾಲರು ನನ್ನ ಕೈಯಾಗ ನೆಟ್ಟಗ ನಿಲ್ಲತಾವ.

ಮನಿ ಮಾಲಕಿ ಎರ್ಮೆಲಿಂದಾ ಮಾಯ್ ಬಂದ್ಲು,
ನಾಳೆ ಸಾಯ್ಬಿಣಿ ಹಬ್ಬ, ಇಗರ್ಜಿಗೆ ಹಾಕೂ ಗೌನು ಹಿಡಕೊಂಡು.
ಬಾವುಟ ನೋಡಿ ಸ್ಟೂಲು ಎಳಕೊಂಡ್ಲು.
“ನಮ್ಮವ್ವನೂ ಇಸ್ತ್ರಿಯಾಕೀನ. ಬಂದರದ ಕಚೇರಿ ಅರಿವಿ.
ಆ ಡಿಸೆಂಬರ್‌ದಾಗ ಅವರ ಬಾವುಟ, ಹಸರು ಕೆಂಪಿಂದು,
ನಮ್ಮನ್ಯಾಗ ಇತ್ತು,
ಗಂಜಿ ಹಾಕಿ, ಮಡಚಿ, ನಾಳೆ ಕೊಡೂದು ಅಂತ.
ಮ್ಯಾಲ ವಿಮಾನ. ಎರಡು ದಿನ ನಾ ಮಂಚದ ಕೆಳಗ.
ಆಮ್ಯಾಲ ಒಯ್ಯಾಕ ಯಾರೂ ಬರಲಿಲ್ಲ.”

ಮತ್ತ?
“ಅವ್ವ ಒಂದು ವರ್ಷ ಕಾದ್ಲು. ಗಿರಾಕಿ ಗಿರಾಕೀನ ಅಲ್ಲೇನು.
ಕಡೀಕ ಕೌದಿಯೊಳಗ ಸೇರಿಸಿ ಹೊಲದ್ಲು.
ನನ್ನ ತಮ್ಮ ಅದರ ಮ್ಯಾಲ ಉಚ್ಚಿ ಹೊಯ್ದು ಬೆಳದ.
ಇಸ್ತ್ರಿ ಕಾಸು ಇನ್ನೂ ಬಾಕಿ ಐತಿ.”

ನಕ್ಕಿವಿ.
ನಕ್ಕಿದ್ದು ತಪ್ಪೇನೋ ಅಂತ
ಇಬ್ಬರೂ ಒಮ್ಮೆ ಬಾಗಲ ಕಡೆ ನೋಡಿದಿವಿ.

“ನಾವು ಹದಿನಾಕು ವರ್ಷ ತಡ” ಅಂದ್ಲು ಮಾಯ್,
ರೈಲು ತಪ್ಪಿಸಿಕೊಂಡವರಂಗ.
ಆಕಿ ಹೋದ ಮ್ಯಾಲ ನಾ ಲೆಕ್ಕ ಹಾಕಿದೆ. ನಾ ಎಷ್ಟು ತಡ?
ನನ್ನ ತಾರೀಖು ಯಾವುದು?
ಅವನ ಮನಿ ಅಗಳಿ ಸಪ್ಪಳಿಲ್ಲದ ತಗದ ರಾತ್ರಿಯೋ,
ಈ ಅಂಗಡ್ಯಾಗ ಮೊದಲನೇ ದಿನ ಎಣಿಸಿದ ಇಪ್ಪತ್ತೆರಡು ರೂಪಾಯಿಯೋ?
ಅವಕ್ಕ ಯಾರೂ ರಜಾ ಕೊಡಲಿಲ್ಲ,
ಪೇಢೆ ಹಂಚಲಿಲ್ಲ.
ಮಗ್ಗಲು ಮನಿ ನಾಯಿ ಮಾತ್ರ ಬೊಗಳಿತ್ತು.

ಇದ್ದಿಲು ಊದಿದೆ. ಹಸೀ ಖಾದಿ ಬಿಸಿ ತಾಗಿ ಉಸರು ಬಿಟ್ಟಿತು.
ಹಸರಿನ ತುದಿ ಗಾಳಿಗೆ ಬಿಚ್ಚಿತ್ತು, ಬೆರಳುದ್ದ.
ಸುಮ್ಮನ ಬಿಡಬಹುದಿತ್ತು.
ಮದಿವಿ ಸೀರಿ ಫಾಲಿಗೆ ತಂದ ದಾರ ಪೋಣಿಸಿ
ಕೈಲೆ ಹಾಕಿದೆ ಹನ್ನೊಂದು ಹೊಲಿಗಿ.
ಅಳತಿ ಪ್ರಕಾರ ಇದು ಈಗ ತಪ್ಪು ಬಾವುಟ.
ಹಾರತೈತಿ.

ಏಳಕ್ಕ ಪುಂಡಲೀಕ ಬಂದ, ಒದ್ದಿ ಚಪ್ಪಲಿ, ಗಡಿಬಿಡಿ.
“ಸಾಲಿ ಕೆಲಸ ಬಾಯಿ, ರೊಕ್ಕ ಆಮ್ಯಾಲ ಕೊಡತೇನಿ.”
ನಾ ಹಲಗಿಯಿಂದ ಕೈ ತಗೀಲಿಲ್ಲ.
“ಬಾವುಟದ ಇಸ್ತ್ರಿ ಬಾಕಿ ಇಡಬಾರದಪಾ.
ಈಗ ಕೊಡು.”